ಕಟ್ಟೆಯ ಎತ್ತರದ ಸೀಟು

ಧಾರವಾಡದಲ್ಲಿ ಮನೆ, ಹುಬ್ಬಳ್ಳಿಯಲ್ಲಿ ನೌಕರಿ. ಅವಳಿ ನಗರದ ಎಷ್ಟೋ ಸಂಸಾರಗಳಂತೆ ನಮ್ಮದೂ ಹೀಗೇ ನಡೆದುಬಂದಿದೆ. ಮಾಳಮಡ್ಡಿಯಿಂದ ವಿದ್ಯಾನಗರದ ಕಾಲೇಜಿಗೆ ಪಾಠ ಮಾಡಲು ಹೋಗಿ ಬರುವ ನನಗೆ ನಡುವಿನ ಇಪ್ಪತ್ತು ಕಿಲೋಮೀಟರಿನ ಒಂದೊಂದು ತಗ್ಗೂ ಬಾಯಿಪಾಠವಾಗಿತ್ತು. ಬಸ್ಸಿಗೆಂದೇ ಬೇರೆ ಪಥ ಮಾಡುವ ಬಿಆರ್‌ಟಿಎಸ್ ಕೆಲಸ ಶುರುವಾದ ಮೇಲೆ ಆ ಬಾಯಿಪಾಠವೂ ಉಪಯೋಗಕ್ಕೆ ಬರಲಿಲ್ಲ. ನಿನ್ನೆ ಇದ್ದ ರಸ್ತೆ ಇವತ್ತು ಇರುತ್ತಿರಲಿಲ್ಲ. ನವಲೂರಿನಲ್ಲಿ ಅಗೆದಿದ್ದರೆ ರಾಯಾಪುರದಲ್ಲಿ ಜಲ್ಲಿ ಸುರಿದಿರುತ್ತಿದ್ದರು. ರಸ್ತೆ ಬದಿಯಲ್ಲಿ ಬುಟ್ಟಿ ಇಟ್ಟುಕೊಂಡು ಪೇರಲ ಹಣ್ಣು ಮಾರುವ ನವಲೂರಿನ ಹೆಣ್ಣುಮಕ್ಕಳು ದಿನಕ್ಕೊಂದು ಕಡೆ ಕೂತಿರುತ್ತಿದ್ದರು. ಉಣಕಲ್ ಕೆರೆ ದಾಟುವ ಹೊತ್ತಿಗೆ ನನ್ನ ಸೀರೆಯ ನೆರಿಗೆಯಲ್ಲೂ ಧೂಳು.

ಆಗ ನಮ್ಮ ಹತ್ತಿರ ಇದ್ದದ್ದು ತಗ್ಗಾದ ಒಂದು ಸಣ್ಣ ಕಾರು. ಹೊಸ ಡಾಂಬರಿನ ಅಂಚಿನಿಂದ ಹಳೆಯ ರಸ್ತೆಗೆ ಇಳಿಯುವಾಗ ಅದರ ತಳ ನೆಲಕ್ಕೆ ಉಜ್ಜುವ ಸದ್ದು ಕೇಳಿದರೆ ನನ್ನ ಹಲ್ಲು ಜುಮ್ಮೆನ್ನುತ್ತಿತ್ತು. ಮಳೆಗಾಲದಲ್ಲಿ ಟೋಲ್‌ನಾಕಾದ ಹತ್ತಿರ ನೀರು ನಿಂತರೆ ಮುಂದಿನವರ ಟೈರು ಎಷ್ಟು ಮುಳುಗುತ್ತದೆ ಎಂದು ನೋಡಿಕೊಂಡು ಕಾಯುತ್ತಿದ್ದೆವು. ಸ್ಕೂಟರಿನವರು ಪಕ್ಕದ ಓಣಿ ಹಿಡಿಯುತ್ತಿದ್ದರು. ಬಸ್ಸುಗಳು ನೀರು ಸೀಳಿಕೊಂಡು ಹೋಗುತ್ತಿದ್ದವು. ನಡುವೆ ಸಿಕ್ಕಿಬೀಳುತ್ತಿದ್ದವರು ನಮ್ಮಂಥ ಸಣ್ಣ ಕಾರಿನವರು.

ಆದರೂ ರಸ್ತೆಯ ಸಲುವಾಗಿಯಷ್ಟೇ ಆಗಿದ್ದರೆ ನಾವು ಕಾರು ಬದಲಿಸುತ್ತಿರಲಿಲ್ಲ. ಕೆಲಸ ಇವತ್ತಲ್ಲ ನಾಳೆ ಮುಗಿಯುತ್ತದೆ ಎಂದು ತಾಳಿಕೊಂಡಿರುತ್ತಿದ್ದೆವು. ಬದಲಿಸಿದ್ದು ಅವ್ವನ ಮೊಣಕಾಲಿನ ಸಲುವಾಗಿ.

ಅಪ್ಪ ಹೋದ ಮೇಲೆ ಅವ್ವ ನವಲಗುಂದದ ಕಡೆಯ ನಮ್ಮ ಹಳ್ಳಿ ಬಿಟ್ಟು ಧಾರವಾಡಕ್ಕೆ ಬಂದಳು. ಹೊಲ ಕಾಕಾನ ಕೈಯಲ್ಲಿತ್ತು, ಅವ್ವನ ಜೀವ ಹೊಲದಲ್ಲಿತ್ತು. ಹೆಸರು ಬಿತ್ತಿದರೋ ಇಲ್ಲವೋ, ಉಳ್ಳಾಗಡ್ಡಿ ಹೇಗೆ ಬಂತು, ಕಡಲೆಗೆ ಹುಳ ಬಿದ್ದಿದೆಯೋ ಎಂದು ಫೋನಿನಲ್ಲಿ ಕೇಳಿದರೆ ಅವಳಿಗೆ ಸಮಾಧಾನವಿಲ್ಲ. ಕಣ್ಣಿಂದಲೇ ನೋಡಬೇಕು. ಆದರೆ ಕಾರು ಹತ್ತುವುದೆಂದರೆ ಅವಳಿಗೆ ಶಿಕ್ಷೆ. ಬಾಗಿಲು ಹಿಡಿದು ತಿರುಗಿ ನಿಲ್ಲಬೇಕು, ಬೆನ್ನು ಹಿಂದಕ್ಕೆ ಬಿಟ್ಟು ಸೀಟಿನ ಮೇಲೆ ಬೀಳಬೇಕು, ಆಮೇಲೆ ಒಂದೊಂದೇ ಕಾಲನ್ನು ಕೈಯಿಂದ ಎತ್ತಿ ಒಳಗಿಡಬೇಕು. ಇಳಿಯುವಾಗ ನಾನೊಂದು ಕೈ, ಮಗಳೊಂದು ಕೈ ಹಿಡಿದು ಎಳೆಯಬೇಕು. "ಬಾವ್ಯಾಗಿಂದ ಕೊಡ ಸೇದಿದಂಗ ಸೇದತೀರಲ್ಲವಾ ನನ್ನ" ಎನ್ನುತ್ತಿದ್ದಳು. ಆಮೇಲಾಮೇಲೆ "ನೀವ ಹೋಗಿಬರ್ರಿ, ನಾ ಇಲ್ಲೇ ಇರತೀನಿ" ಅನ್ನತೊಡಗಿದಳು. ಆ ಮಾತು ನನಗೆ ತಡೆಯಲಾಗಲಿಲ್ಲ. ಹುಟ್ಟಿದಾಗಿನಿಂದ ಎರೆ ನೆಲದಲ್ಲಿ ಓಡಾಡಿದವಳು ಒಂದು ಸೀಟು ತಗ್ಗಾಯಿತೆಂದು ಹೊಲದಿಂದ ದೂರ ಉಳಿಯಬೇಕೇ?

ಒಂದು ಸಂಗತಿ ಗಮನಿಸಿದ್ದೆ. ನಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತರೆ ಅವ್ವ ಯಾರ ಕೈಯನ್ನೂ ಹಿಡಿಯದೆ ಏಳುತ್ತಿದ್ದಳು. ಒಳಗಿನ ಸೋಫಾದಿಂದ ಏಳಲಾಗುತ್ತಿರಲಿಲ್ಲ. ಅಂದರೆ ಬೇಕಾದದ್ದು ಎತ್ತರ. ಮಗಳ ಕಂಪಾಸ್ ಪೆಟ್ಟಿಗೆಯ ಪಕ್ಕ ಇರುತ್ತಿದ್ದ ಟೇಪು ತೆಗೆದುಕೊಂಡು ಕಟ್ಟೆಯನ್ನು ಅಳೆದೆ. ಎರಡು ಅಡಿಗೆ ಚೂರು ಮೇಲಿತ್ತು. ಆ ಅಳತೆ ಬರೆದ ಚೀಟಿಯನ್ನು ಪರ್ಸಿನಲ್ಲಿಟ್ಟುಕೊಂಡು ಹುಬ್ಬಳ್ಳಿಯ ಗೋಕುಲ ರೋಡಿನ ಶೋರೂಮುಗಳನ್ನು ಸುತ್ತಿದೆವು. ಅಶ್ವಶಕ್ತಿ, ಟಚ್‌ಸ್ಕ್ರೀನು, ಬಣ್ಣ ಎಂದು ಹುಡುಗರು ಉತ್ಸಾಹದಿಂದ ಹೇಳುತ್ತಿದ್ದರೆ ನಾನು ಹಿಂದಿನ ಬಾಗಿಲು ತೆಗೆದು ನೆಲದಿಂದ ಸೀಟಿನವರೆಗೆ ಟೇಪು ಹಿಡಿಯುತ್ತಿದ್ದೆ. ಈಗಲೂ ಅದೇ ಸರಿಯಾದ ಕ್ರಮ ಎಂದು ನನ್ನ ನಂಬಿಕೆ. ಮನೆಯಲ್ಲಿ ಹಿರಿಯರಿದ್ದರೆ ಕಾರಿನ ಪುಸ್ತಕದಲ್ಲಿ ಮುದ್ರಿಸದ ಈ ಅಳತೆಯೇ ಮೊದಲನೆಯದು.

ಅದು 2016ನೆಯ ಇಸವಿ. ಕಾಂಪ್ಯಾಕ್ಟ್ ಎಸ್‌ಯುವಿ ಎಂಬ ಜಾತಿಯ ಕಾರುಗಳು ಆಗಷ್ಟೇ ನಮ್ಮ ಕಡೆ ಕಣ್ಣಿಗೆ ಬೀಳತೊಡಗಿದ್ದವು. 2012ರಲ್ಲಿ ರೆನೊ ಡಸ್ಟರ್ ಬಂದಿತ್ತು. 2013ರಲ್ಲಿ ಫೋರ್ಡ್ ಇಕೋಸ್ಪೋರ್ಟ್ ಬಂತು. ಇದರ ಮೂಲ ಬ್ರೆಜಿಲ್. ಧಾರವಾಡದವರಿಗೆ ಬ್ರೆಜಿಲ್ ಅಂದರೆ ದೂರದ ಮಾತಲ್ಲ. ಅಲ್ಲಿನ ಮಾರ್ಕೊಪೋಲೊ ಕಂಪನಿಯೊಂದಿಗೆ 2006ರಲ್ಲಿ ಕೈಜೋಡಿಸಿದ ಟಾಟಾದವರು ಬಸ್ಸು ಕಟ್ಟುವ ಕಾರ್ಖಾನೆ ಹಾಕಿದ್ದು ನಮ್ಮ ಊರ ಪಕ್ಕದಲ್ಲೇ. ಅಲ್ಲಿ ಕೆಲಸ ಮಾಡುವ ನೆರೆಮನೆಯವರೊಬ್ಬರು "ಮೇಡಮ್, ಸ್ವಲ್ಪ ತಡೀರಿ, ನಮ್ಮ ಕಂಪನೀದೂ ಒಂದು ಬರೂದೈತಿ" ಎಂದಿದ್ದರು. ಅವರು ಹೇಳಿದ ನೆಕ್ಸಾನ್ ಬಂದದ್ದು ಮರುವರ್ಷ ಸೆಪ್ಟೆಂಬರಿನಲ್ಲಿ. 2018ರ ಕೊನೆಗೆ ಗ್ಲೋಬಲ್ ಎನ್‌ಕ್ಯಾಪ್ ಡಿಕ್ಕಿ ಪರೀಕ್ಷೆಯಲ್ಲಿ ಐದು ನಕ್ಷತ್ರ ಪಡೆದ ಮೊದಲ ಭಾರತೀಯ ಕಾರು ಎಂಬ ಹೆಸರೂ ಅದಕ್ಕೆ ಬಂತು. ನಮಗೆ ಅಷ್ಟು ತಡೆಯುವ ವ್ಯವಧಾನ ಇರಲಿಲ್ಲ. 2016ರ ಮಾರ್ಚ್‌ನಲ್ಲಿ ಬಂದಿದ್ದ ಮಾರುತಿ ವಿಟಾರಾ ಬ್ರೆಜಾದ ಹಿಂದಿನ ಬಾಗಿಲಿಗೆ ಬೆನ್ನು ಮಾಡಿ ನಿಂತ ಅವ್ವ ಹಾಗೇ ಕೂತಳು. ಬೀಳಲಿಲ್ಲ, ಕೂತಳು. ಎರಡೂ ಕಾಲು ತಾನೇ ಒಳಗೆ ತಗೊಂಡಳು. ಆಮೇಲೆ ಇಳಿದು ನಿಂತು ಸೀರೆ ಸರಿ ಮಾಡಿಕೊಂಡು, "ಇದು ಆಗತೈತಿ" ಎಂದಳು. ನಮ್ಮ ಮನೆಯವರು ಅಲ್ಲೇ ಮುಂಗಡ ಕಟ್ಟಿದರು.

ಬುಕ್ ಮಾಡಿದವರು ತಿಂಗಳುಗಟ್ಟಲೆ ಕಾಯಬೇಕಾದ ಕಾಲ ಅದು. ನಾವು ಕಾಯುತ್ತಿದ್ದಾಗಲೇ, ಜುಲೈ ಕೊನೆಯಲ್ಲಿ, ಮಹದಾಯಿ ನೀರಿನ ನ್ಯಾಯಮಂಡಳಿಯ ಮಧ್ಯಂತರ ಆದೇಶ ನಮ್ಮ ವಿರುದ್ಧ ಬಂದು ನವಲಗುಂದ, ನರಗುಂದದ ಕಡೆ ರೈತರು ಬೀದಿಗಿಳಿದರು. ಯಮನೂರಿನಲ್ಲಿ ಪೊಲೀಸರು ಲಾಠಿ ಬೀಸಿದರು. ಊರ ದಾರಿ ಬಂದಾಗಿತ್ತು. ಅವ್ವ ದಿನವಿಡೀ ಟಿವಿ ಮುಂದೆ ಕೂತು ತನ್ನ ಓಣಿಯ ಮುಖಗಳನ್ನು ಹುಡುಕುತ್ತಿದ್ದಳು. ಕಾರು ಮನೆಗೆ ಬಂದದ್ದು ದೀಪಾವಳಿಯ ಪಾಡ್ಯದ ದಿನ. ವಾರ ಕಳೆಯುತ್ತಲೇ ಐನೂರು, ಸಾವಿರದ ನೋಟು ರದ್ದಾದವು. ಪೆಟ್ರೋಲ್ ಬಂಕಿನಲ್ಲಿ ಹಳೆಯ ನೋಟು ನಡೆಯುತ್ತಿದ್ದವಾದ್ದರಿಂದ 48 ಲೀಟರಿನ ಟ್ಯಾಂಕು ಮೊದಲ ಸಲ ಪೂರ್ತಿ ತುಂಬಿದ್ದು ಹಾಗೆ.

ಈ ಕಾರುಗಳು ಇಷ್ಟೇ ಉದ್ದ ಇರುವುದಕ್ಕೆ ಒಂದು ಕಾರಣವಿದೆ. ನಮ್ಮ ಕಾರಿನ ಉದ್ದ 3,995 ಮಿಲಿಮೀಟರ್. ನಾಲ್ಕು ಮೀಟರಿಗೆ ಐದೇ ಮಿಲಿಮೀಟರ್ ಕಡಿಮೆ. ಆಗ ಹಣಕಾಸು ಸಚಿವರಾಗಿದ್ದ ಚಿದಂಬರಂ ಅವರು 2006ರ ಬಜೆಟ್‌ನಲ್ಲಿ ಸಣ್ಣ ಕಾರಿನ ಉತ್ಪಾದನಾ ಸುಂಕವನ್ನು ಶೇ 24ರಿಂದ ಶೇ 16ಕ್ಕೆ ಇಳಿಸಿದಾಗ ಸಣ್ಣ ಕಾರು ಯಾವುದು ಎನ್ನುವುದಕ್ಕೊಂದು ಗೆರೆ ಎಳೆದರು. ಉದ್ದ ನಾಲ್ಕು ಮೀಟರ್ ಮೀರಬಾರದು, ಪೆಟ್ರೋಲ್ ಇಂಜಿನ್ 1,200 ಸಿಸಿ, ಡೀಸೆಲ್ ಆದರೆ 1,500 ಸಿಸಿ ದಾಟಬಾರದು. ಅಂದಿನಿಂದ ನಮ್ಮ ದೇಶದ ಕಾರುಗಳ ಹಿಂಭಾಗವನ್ನು ಕತ್ತರಿಸಿದ್ದು ಆ ಗೆರೆ. ಜಪಾನಿನಲ್ಲೂ ಇಂಥದೇ ಕಟ್ಟಳೆಯಿಂದ ಕೇ ಕಾರು ಎಂಬ ಪುಟ್ಟ ಕಾರುಗಳ ವಂಶ ಬೆಳೆದಿದೆ. ಉದ್ದಕ್ಕೆ ತಡೆ ಬಿದ್ದಾಗ ನಮ್ಮ ಕಾರು ಕಂಪನಿಯವರು ಮೇಲಕ್ಕೆ ಬೆಳೆಸಿದರು. 1,640 ಮಿಲಿಮೀಟರ್ ಎತ್ತರದ ಗಾಡಿ, ಅದರೊಳಗೆ ಕುರ್ಚಿಯ ಮೇಲೆ ಕೂತಂತೆ ನೆಟ್ಟಗೆ ಕೂರುವ ಸೀಟು. ಅವ್ವನ ಮೊಣಕಾಲಿಗೆ ಸಿಕ್ಕ ಸುಖದ ಹಿಂದೆ ಹತ್ತು ವರ್ಷ ಹಿಂದಿನ ಒಂದು ಬಜೆಟ್ಟಿನ ಸಾಲು ಇತ್ತು ಎಂಬುದು ನನಗೆ ಇವತ್ತಿಗೂ ಸೋಜಿಗ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾದಾಗಲೂ ಶೇ 18ರ ದರಕ್ಕೆ ಅದೇ ನಾಲ್ಕು ಮೀಟರು, ಅದೇ ಸಿಸಿ.

ಎಸ್‌ಯುವಿ ಎಂದು ಹೆಸರಿದ್ದರೂ ಇದು ಜೀಪಲ್ಲ. ಇಂಜಿನ್ನಿನ ಬಲ ಹೋಗುವುದು ಮುಂದಿನ ಎರಡು ಗಾಲಿಗೆ ಮಾತ್ರ. ಇದನ್ನು ನಮಗೆ ಮೊದಲೇ ಬಿಡಿಸಿ ಹೇಳಿದವನು ಕಾಕಾ. ಕಾರು ನೋಡಲು ಬಂದವನು ಸುತ್ತ ಒಂದು ಸುತ್ತು ಹಾಕಿ, ಬಗ್ಗಿ ಕೆಳಗೆ ನೋಡಿ, "ನಾಕೂ ಗಾಲಿಗೆ ಇಂಜಿನ್ ಐತೇನು?" ಎಂದು ಕೇಳಿದ. ಇಲ್ಲ ಎಂದೆವು. "ಹಂಗಾರ ಎರಿ ಹೊಲಕ್ಕ ಹಸಿ ಇದ್ದಾಗ ಇಳಸಬ್ಯಾಡ್ರಿ. ಎತ್ತರ ಐತಿ ಅಂತ ಧೈರ್ಯ ಮಾಡಬ್ಯಾಡ್ರಿ. ಎರಿ ಮಣ್ಣು ಎತ್ತರ ಕೇಳೂದಿಲ್ಲ, ಗಾಲಿ ಕೇಳತೈತಿ."

ಎರೆ ನೆಲದಲ್ಲಿ ಹುಟ್ಟಿದವರಿಗೆ ಈ ಮಾತಿನ ತೂಕ ಗೊತ್ತು. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುವ ಮಣ್ಣು ಅದು. ನೀರು ಕುಡಿದರೆ ಉಬ್ಬಿ, ಬಿರುಕೆಲ್ಲ ಮುಚ್ಚಿ, ಮೇಣವಾಗುತ್ತದೆ. ಆ ಮಣ್ಣಿನ ಜೇಡಿಯ ಗುಣವೇ ಹಾಗೆ, ತನ್ನ ಪದರಗಳ ನಡುವೆ ನೀರನ್ನು ಎಳೆದುಕೊಂಡು ಹಿಗ್ಗುತ್ತದೆ. ಹಿಂಗಾರಿ ಜೋಳ, ಕಡಲೆ, ಕುಸುಬೆ ಮಳೆಯಿಲ್ಲದೆ ಬೆಳೆಯುವುದು ಅದು ಹೀಗೆ ಹಿಡಿದಿಟ್ಟುಕೊಂಡ ಹಸಿಯಿಂದಲೇ. ನಮ್ಮನ್ನು ಸಾಕಿದ ಆ ಗುಣವೇ ಗಾಡಿಗೆ ವೈರಿ. ಟೈರಿನ ಗೆರೆಗಳಲ್ಲಿ ಮಣ್ಣು ತುಂಬಿಕೊಂಡು ಟೈರು ನುಣ್ಣಗಾಗುತ್ತದೆ. ಆಮೇಲೆ ಟೈರಿಗೂ ಮಡ್‌ಗಾರ್ಡಿಗೂ ನಡುವೆ ತುಂಬಿ ಗಾಲಿ ತಿರುಗದಂತೆ ಹಿಡಿಯುತ್ತದೆ. ಎತ್ತಿನ ಬಂಡಿಯವರೂ ಕೋಲಿನಿಂದ ಮಣ್ಣು ಕೆತ್ತಿ ಕೆತ್ತಿ ಮುಂದೆ ಹೋಗುವುದನ್ನು ಚಿಕ್ಕಂದಿನಲ್ಲಿ ನೋಡಿದ್ದೇನೆ.

ಹಾಗಾಗಿ ಹೊಲಕ್ಕೆ ಹೋಗಿ ಎಡೆಯ ಚರಗ ಚೆಲ್ಲುವ ಹಬ್ಬಗಳಲ್ಲಿ, ಶೀಗಿ ಹುಣ್ಣಿಮೆಗೆ ಒಂದು ಪದ್ಧತಿ, ಎಳ್ಳ ಅಮವಾಸ್ಯೆಗೆ ಒಂದು ಪದ್ಧತಿ ಎಂದು ಮಾಡಿಕೊಂಡೆವು. ಶೀಗಿ ಹುಣ್ಣಿಮೆ ಬರುವುದು ಹಿಂಗಾರಿ ಮಳೆಯ ಹೊತ್ತಿಗೆ. ಆಗ ಡಾಂಬರು ಮುಗಿಯುವ ಕಡೆ, ಹನುಮಪ್ಪನ ಗುಡಿಯ ಎದುರಿಗೆ ಕಾರು ನಿಲ್ಲುತ್ತಿತ್ತು. ಅಲ್ಲಿಂದ ಕಾಕಾನ ಟ್ರ್ಯಾಕ್ಟರು. ಅದರ ಟ್ರೇಲರಿಗೆ ಹತ್ತಲಾಗದ ಅವ್ವ ಕಾರಿನ ಬಾಗಿಲು ತೆಗೆದಿಟ್ಟುಕೊಂಡು, ಕಾಲು ಹೊರಗೆ ಚಾಚಿ, ಗುಡಿಗೆ ಬಂದವರನ್ನೆಲ್ಲ ಮಾತಾಡಿಸುತ್ತ ಕೂರುತ್ತಿದ್ದಳು. ಊರಿನ ಅರ್ಧ ಸುದ್ದಿ ಅಲ್ಲಿಯೇ ತಿಳಿಯುತ್ತಿತ್ತು. ಎಳ್ಳ ಅಮವಾಸ್ಯೆಯ ಹೊತ್ತಿಗೆ ನೆಲ ಗಟ್ಟಿಯಾಗಿರುತ್ತಿತ್ತು. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಕಡುಬು, ಪುಂಡಿಪಲ್ಲೆ, ಮೊಸರನ್ನ ತುಂಬಿದ ಬುಟ್ಟಿಗಳನ್ನು ಡಿಕ್ಕಿಯಲ್ಲಿಟ್ಟುಕೊಂಡು ಬಂಡಿ ದಾರಿಯಲ್ಲೇ ಹೊಲದ ಬದುವಿನವರೆಗೆ ಹೋಗುತ್ತಿದ್ದೆವು. ಬಂಡಿ ದಾರಿಯ ನಡುವೆ ದಿಣ್ಣೆ ಇರುತ್ತದಲ್ಲ, ಗಾಲಿ ಹಾದು ಹಾದು ಎರಡೂ ಬದಿ ತಗ್ಗಾಗಿ ಉಳಿದದ್ದು, ಅದರ ಮೇಲೆ ನಮ್ಮ ಹಳೆಯ ಕಾರು ತಳ ಕೊಟ್ಟು ಕೂತುಬಿಡುತ್ತಿತ್ತು. ಬ್ರೆಜಾದ ತಳ ನೆಲದಿಂದ 198 ಮಿಲಿಮೀಟರ್ ಮೇಲೆ. ಹಳೆಯದಕ್ಕಿಂತ ಎರಡು ಬೆರಳಿನಷ್ಟು ಹೆಚ್ಚು, ಅಷ್ಟೇ. ಆ ಎರಡು ಬೆರಳಿನಿಂದ ಅವ್ವ ತನ್ನ ಹೊಲದಲ್ಲಿ ನಿಂತು ಚರಗ ಚೆಲ್ಲಿದಳು. ಕಡಲೆ ಗಿಡದ ತುದಿ ಚಿವುಟಿ ಬಾಯಿಗಿಟ್ಟುಕೊಂಡು, ಹುಳಿ ಹೇಗೆ ಬಂದಿದೆ ಎಂದು ಕಾಕಾನಿಗೆ ವರದಿ ಒಪ್ಪಿಸಿದಳು.

2019ರ ಆಗಸ್ಟ್‌ನಲ್ಲಿ ಬೆಣ್ಣಿಹಳ್ಳ ಉಕ್ಕಿ ಹರಿದಾಗ ನಾವು ಊರ ಕಡೆ ಹೋಗಲಿಲ್ಲ. ಅವ್ವ ಹೋಗೋಣ ಎಂದು ಹಟ ಹಿಡಿದಿದ್ದಳು. ಸೇತುವೆಯ ಮೇಲೆ ಹರಿಯುವ ನೀರಿಗೆ ಯಾವ ಕಾರೂ ಎತ್ತರವಲ್ಲ ಎಂದು ಕಾಕಾನೇ ಫೋನಿನಲ್ಲಿ ಗದರಿಸಿದ ಮೇಲೆ ಸುಮ್ಮನಾದಳು.

ನಮ್ಮ ಊರುಗಳು ಇರುವ ಜಾಗವೇ ಹಾಗಿದೆ. ಪೂರ್ವಕ್ಕೆ ಹೊರಟರೆ ಒಂದು ತಾಸಿನಲ್ಲಿ ಮರವಿಲ್ಲದ ಎರೆ ಬಯಲು. ಪಶ್ಚಿಮಕ್ಕೆ ಹೊರಟರೆ ಕಲಘಟಗಿ ದಾಟುತ್ತಲೇ ಕೆಂಪು ಮಣ್ಣು, ಭತ್ತದ ಗದ್ದೆ, ಸಾಗವಾನಿ ಕಾಡು. ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆ ಪಶ್ಚಿಮದ ಕಡಲಿಗೆ ಹೋಗುತ್ತಾಳೆ. ಬೆಣ್ಣಿಹಳ್ಳದ ನೀರು ಮಲಪ್ರಭೆ ಸೇರಿ ಪೂರ್ವದ ಕಡಲಿಗೆ ಹೋಗುತ್ತದೆ. ನಮ್ಮ ಮನೆಯವರಿಗೆ ಯಲ್ಲಾಪುರದ ಬ್ಯಾಂಕ್ ಶಾಖೆಗೆ ವರ್ಗವಾದ ಮೇಲೆ ಈ ಕಾರು ಎರಡೂ ದಿಕ್ಕಿನ ರಸ್ತೆ ಕಂಡಿತು. ಶನಿವಾರ ಕಾಲೇಜು ಮುಗಿಸಿಕೊಂಡು ನಾನೇ ಓಡಿಸಿಕೊಂಡು ಹೋಗುತ್ತಿದ್ದೆ.

ಯಲ್ಲಾಪುರದ ಆ ಹೆದ್ದಾರಿಯ ಹಳೆಯ ನೆನಪು ಒಳ್ಳೆಯದಿರಲಿಲ್ಲ. ಬಳ್ಳಾರಿ, ಹೊಸಪೇಟೆ ಕಡೆಯಿಂದ ಬೇಲೇಕೇರಿ, ಕಾರವಾರ ಬಂದರಿಗೆ ಅದಿರು ಲಾರಿಗಳು ಸಾಲುಗಟ್ಟಿ ಹೋಗುತ್ತಿದ್ದ ಕಾಲದಲ್ಲಿ ಬಸ್ಸಿನಲ್ಲಿ ಹೋದವರು ಮೈಕೈ ನುಗ್ಗಾಗಿ ಇಳಿಯುತ್ತಿದ್ದರು. 2010ರಲ್ಲಿ ರಾಜ್ಯ ಸರ್ಕಾರ ಬಂದರುಗಳ ಮೂಲಕ ಅದಿರು ರಫ್ತಿಗೆ ತಡೆ ಹಾಕಿದ ಮೇಲೆ ಆ ದಟ್ಟಣೆ ಇಳಿಯಿತು. ನಾನು ಓಡಾಡುವ ಹೊತ್ತಿಗೆ ದೇವಿಕೊಪ್ಪದ ಕಾಡಿನಲ್ಲಿ ಗಾಜು ಇಳಿಸಿಕೊಂಡು ಹೋಗುವಂತಾಗಿತ್ತು. ಕಿರವತ್ತಿಯಲ್ಲಿ ಚಹಾ ಕುಡಿದು ಮುಂದೆ ಹೊರಟರೆ ಜುಲೈ ತಿಂಗಳಲ್ಲಿ ವೈಪರ್ ಎಷ್ಟು ಜೋರಾಗಿ ಬಡಿದರೂ ಸಾಲದು.

ಆ ದಾರಿಯಲ್ಲೇ ಇಂಜಿನ್ನಿನ ಸ್ವಭಾವ ನನಗೆ ತಿಳಿದದ್ದು. 1,248 ಸಿಸಿಯ ಡೀಸೆಲ್ ಇಂಜಿನ್ ಅದು, 90 ಅಶ್ವಶಕ್ತಿಯದು. ಮೀಟರಿನ ಮುಳ್ಳು ಎರಡು ಸಾವಿರ ಮುಟ್ಟುವವರೆಗೆ ನಿಧಾನ. ಮುಟ್ಟಿದ ಮೇಲೆ ಟರ್ಬೊ ಕೆಲಸಕ್ಕಿಳಿದು ಒಮ್ಮೆಲೇ ಎಳೆಯುತ್ತದೆ. ಯಲ್ಲಾಪುರದಾಚೆಯ ಅರಬೈಲ್ ಘಟ್ಟದಲ್ಲಿ ಲಾರಿಯ ಹಿಂದೆ ಏರುವಾಗ ಮೂರನೇ ಗೇರಿನಲ್ಲಿ ಕಾಯುತ್ತ ಕೂತರೆ ಅದು ಏಳುವುದಿಲ್ಲ. ಎರಡಕ್ಕೆ ಇಳಿಸಿ, ತಿರುವು ಕಂಡ ಮೇಲೆ ಒತ್ತಬೇಕು. ಇಳಿಯುವಾಗಲೂ ಎರಡನೇ ಗೇರಿನಲ್ಲಿಯೇ ಬಿಟ್ಟರೆ ಇಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ, ಬ್ರೇಕು ಕಾಯುವುದಿಲ್ಲ. ಇದನ್ನು ಕಲಿತ ಮೇಲೆ ಆ ಘಟ್ಟ ನನಗೆ ಪ್ರೀತಿಯ ಜಾಗವಾಯಿತು. 2021ರ ಜುಲೈನಲ್ಲಿ ಅಲ್ಲೇ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದಾಗ, ಪರಿಚಯದ ತಿರುವು ಮಣ್ಣಿನಡಿ ಸೇರಿದ ಚಿತ್ರವನ್ನು ಪತ್ರಿಕೆಯಲ್ಲಿ ನೋಡಿ ಬಹಳ ಹೊತ್ತು ಏನೂ ಮಾಡಲಾಗಲಿಲ್ಲ.

ಒಮ್ಮೆ ಅದೇ ದಾರಿಯಲ್ಲಿ ಬರುವಾಗ ಕಲಘಟಗಿಯಿಂದ ತೊಟ್ಟಿಲು ತಂದೆವು. ತಂಗಿಯ ಮಗಳ ಮೊದಲ ಬಾಣಂತನ. ಅರಗಿನ ಬಣ್ಣದ ಕಲಘಟಗಿ ತೊಟ್ಟಿಲು ಬೇಕೇಬೇಕೆಂದು ಅವ್ವ ಹೇಳಿ ಮಾಡಿಸಿದ್ದಳು. ಹಿಂದಿನ ಸೀಟಿನ ದೊಡ್ಡ ಭಾಗ ಮಡಚಿ, ಬಿಚ್ಚಿದ ಕಾಲುಗಳನ್ನು ಕಂಬಳಿಯಲ್ಲಿ ಸುತ್ತಿ ಮಲಗಿಸಿದೆವು. ಉಳಿದ ಚಿಕ್ಕ ಸೀಟಿನಲ್ಲಿ ಅವ್ವ ಕೂತು, ದಾರಿಯುದ್ದಕ್ಕೂ ತೊಟ್ಟಿಲ ಪಟ್ಟಿಯ ಮೇಲೆ ಕೈ ಇಟ್ಟುಕೊಂಡೇ ಬಂದಳು.

ಇಂಜಿನ್ನಿನ ಬಗ್ಗೆ ಇನ್ನೊಂದು ಮಾತು ಹೇಳಬೇಕು. ಇದು ಮೂಲತಃ ಫಿಯಟ್ ಕಂಪನಿಯ ಮಲ್ಟಿಜೆಟ್. 2007ರಲ್ಲಿ ಸ್ವಿಫ್ಟ್ ಡೀಸೆಲ್ ಮೂಲಕ ಮಾರುತಿಗೆ ಬಂತು. ಆಮೇಲೆ ಡಿಜೈರ್, ರಿಟ್ಜ್, ಎರ್ಟಿಗಾಗಳಲ್ಲಿ ಬಂತು, ಟಾಟಾದ ಇಂಡಿಕಾ ವಿಸ್ಟಾದಲ್ಲೂ ಇತ್ತು. ದೇಶದ ರಾಷ್ಟ್ರೀಯ ಇಂಜಿನ್ ಎಂದು ಪತ್ರಿಕೆಗಳು ಕರೆಯುವಷ್ಟು ಹರಡಿತು. ಹುಬ್ಬಳ್ಳಿ ರೈಲ್ವೆ ಸ್ಟೇಷನ್ನಿನ ಮುಂದೆ ನಿಲ್ಲುವ ಟ್ಯಾಕ್ಸಿಗಳ ಬಾನೆಟ್ ಎತ್ತಿದರೆ ಎಷ್ಟೋ ಗಾಡಿಗಳಲ್ಲಿ ಇದೇ. ಅದರ ಲಾಭ ನಮಗೆ ಗೊತ್ತಾದದ್ದು ಗ್ಯಾರೇಜಿನಲ್ಲಿ. ವಾರಂಟಿ ಮುಗಿದ ಮೇಲೆ ನಾವು ಕಾರು ಒಯ್ಯುವ ಹಳೇ ಹುಬ್ಬಳ್ಳಿಯ ಮೇಸ್ತ್ರಿ ಕಿವಿಗೊಟ್ಟು ಕೇಳಿಯೇ ರೋಗ ಹೇಳುವವರು. "ಅಕ್ಕಾರ, ಈ ಇಂಜಿನ್ ನಾ ನಿದ್ದಿಗಣ್ಣಾಗೂ ಬಿಚ್ಚಿ ಕೂಡಸ್ತೀನ್ರಿ. ನೀವು ಎಣ್ಣಿ ಟೈಮಿಗೆ ಬದಲಿ ಮಾಡಿಸ್ರಿ, ಡೀಸೆಲ್ ಫಿಲ್ಟರ್ ಮರೀಬ್ಯಾಡ್ರಿ. ಉಳದದ್ದು ನನಗ ಬಿಡ್ರಿ" ಎಂದಿದ್ದರು. ಮಾತಿಗೆ ತಪ್ಪಲಿಲ್ಲ. ಸವೆದದ್ದೆಲ್ಲ ರಸ್ತೆಗೆ ಸವೆದದ್ದು. ಲಿಂಕ್ ರಾಡು, ಬುಷ್, ಶಾಕ್ ಅಬ್ಸಾರ್ಬರ್, ಟೈರು. ಇಂಜಿನ್ನಿನ ಹೊಟ್ಟೆಗೆ ಯಾರೂ ಕೈ ಹಾಕಬೇಕಾಗಲಿಲ್ಲ. ಕಂಪನಿಯ ಪ್ರಮಾಣಪತ್ರದಲ್ಲಿ ಲೀಟರಿಗೆ 24.3 ಕಿಲೋಮೀಟರ್ ಎಂದಿತ್ತು. ನನ್ನ ಕೈಯಲ್ಲಿ ಹೆದ್ದಾರಿಯಲ್ಲಿ ಇಪ್ಪತ್ತರ ಮೇಲೆ, ಊರೊಳಗೆ ಹದಿನೇಳರ ಆಸುಪಾಸು. ನನಗೆ ಅದು ಸಾಕಷ್ಟಾಯಿತು.

ಸಂತೋಷದಿಂದ ಓಡಿಸದ ರಸ್ತೆಯೊಂದಿದೆ. ಗಬ್ಬೂರಿನಿಂದ ನರೇಂದ್ರದವರೆಗಿನ ಬೈಪಾಸು. ಬೆಂಗಳೂರಿನಿಂದ ಪುಣೆಯವರೆಗಿನ ಹೆದ್ದಾರಿ ಅಗಲವಾಗಿ ಬಂದು, ನಮ್ಮ ಊರ ಹತ್ತಿರ ಮಾತ್ರ ಎರಡೇ ಪಥಕ್ಕೆ ಕುಗ್ಗುತ್ತಿತ್ತು. ನಡುವೆ ಡಿವೈಡರ್ ಇಲ್ಲ. ದೂರದಿಂದ ಬಂದ ಚಾಲಕರು ಅದೇ ವೇಗದಲ್ಲಿ ಎದುರಾಗುತ್ತಿದ್ದರು. 2021ರ ಸಂಕ್ರಾಂತಿಯ ಮರುದಿನ, ಜನವರಿ 15ರ ಬೆಳಿಗ್ಗೆ, ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಶಾಲಾ ಗೆಳತಿಯರ ಟೆಂಪೋಕ್ಕೆ ಇಟಿಗಟ್ಟಿಯ ಹತ್ತಿರ ಟಿಪ್ಪರ್ ಡಿಕ್ಕಿಯಾಯಿತು. ನನ್ನ ವಯಸ್ಸಿನ ಹೆಣ್ಣುಮಕ್ಕಳು. ಮನೆ, ಮಕ್ಕಳು, ನೌಕರಿ ಎಲ್ಲ ಒಂದು ದಿನ ಬದಿಗಿಟ್ಟು ಒಟ್ಟಾಗಿ ಹೊರಟವರು. ನಮ್ಮ ಗೆಳತಿಯರ ಗುಂಪಿನಲ್ಲೂ ಅಂಥದೇ ಒಂದು ಪ್ರವಾಸದ ಮಾತು ನಡೆದಿತ್ತು. ಅಂದು ಧಾರವಾಡದಲ್ಲಿ ಯಾರ ಮನೆಯಲ್ಲೂ ಬೇರೆ ಮಾತಿರಲಿಲ್ಲ. ಅಲ್ಲಿ ಸತ್ತವರು ಅವರೇ ಮೊದಲಿನವರಾಗಿರಲಿಲ್ಲ ಎಂಬ ಸಿಟ್ಟು ಎಲ್ಲರಿಗೂ ಇತ್ತು. ಆರು ಪಥದ ಕೆಲಸ ಶುರುವಾದದ್ದು ಆ ದುರಂತ ಕಳೆದ ಮೇಲೆ.

ಅಂದಿನಿಂದ ನನ್ನ ಕಾರಿನಲ್ಲಿ ಹಿಂದೆ ಕೂತವರೂ ಬೆಲ್ಟ್ ಹಾಕದೆ ಗಾಡಿ ಹೊರಡುವುದಿಲ್ಲ. ಬ್ರೆಜಾಕ್ಕೆ ಗ್ಲೋಬಲ್ ಎನ್‌ಕ್ಯಾಪ್ 2018ರಲ್ಲಿ ನಾಲ್ಕು ನಕ್ಷತ್ರ ಕೊಟ್ಟಿದೆ. ಆದರೆ ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಮಾಡಿದ ಆ ಪರೀಕ್ಷೆಯಲ್ಲಿ ಕೂರಿಸಿದ್ದ ಬೊಂಬೆಗಳಿಗೆ ಬೆಲ್ಟ್ ಕಟ್ಟಿತ್ತು. ಬೆಲ್ಟ್ ಇಲ್ಲದೆ ಆ ನಕ್ಷತ್ರಗಳನ್ನು ಎಣಿಸಿ ಫಲವಿಲ್ಲ. "ಕಟ್ಟಿ ಹಾಕಬ್ಯಾಡವಾ, ಉಸರ ಹಿಡದಂಗ ಆಗತೈತಿ" ಎನ್ನುತ್ತಿದ್ದ ಅವ್ವನಿಗೆ ಪಟ್ಟಿ ಕೊರಳಿಗೆ ಒತ್ತದಂತೆ ಬೆನ್ನ ಹಿಂದೆ ತೆಳುವಾದ ದಿಂಬು ಇಟ್ಟುಕೊಟ್ಟೆ. ಈಗ ತಾನೇ ಹಾಕಿಕೊಳ್ಳುತ್ತಾಳೆ. ಮರೆತವರನ್ನು ಬೈಯುವವಳೂ ಅವಳೇ.

ಊರೊಳಗಿನ ಓಡಾಟಕ್ಕೆ ಮಾತ್ರ ಈ ಕಾರು ಮೆಲ್ಲಗೆ ಹಿಂದೆ ಸರಿಯಿತು. 2018ರ ಅಕ್ಟೋಬರಿನಲ್ಲಿ ಬಿಆರ್‌ಟಿಎಸ್‌ನ ಚಿಗರಿ ಬಸ್ಸುಗಳು ಪ್ರಾಯೋಗಿಕವಾಗಿ ಓಡತೊಡಗಿದವು, 2020ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಯಿತು. ತನ್ನದೇ ಪಥದಲ್ಲಿ, ತಣ್ಣಗಿನ ಬಸ್ಸಿನಲ್ಲಿ, ಪುಸ್ತಕ ಓದುತ್ತ ಕಾಲೇಜು ಮುಟ್ಟುವ ಸುಖ ಸಿಕ್ಕ ಮೇಲೆ ದಿನಾ ಕಾರು ಒಯ್ಯುವ ಅಗತ್ಯ ಉಳಿಯಲಿಲ್ಲ. ಚಿಗರಿ ನಿಲ್ದಾಣದ ಜಗಲಿಗೂ ಬಸ್ಸಿನ ಬಾಗಿಲಿಗೂ ಒಂದೇ ಎತ್ತರ. ಮೆಟ್ಟಿಲು ಹತ್ತಬೇಕಿಲ್ಲ. ಅವ್ವನನ್ನು ಎಲುಬಿನ ಡಾಕ್ಟರ ಹತ್ತಿರ ಒಯ್ಯುವಾಗ ಒಮ್ಮೆ ಬೇಕೆಂದೇ ಚಿಗರಿಯಲ್ಲಿ ಕರೆದುಕೊಂಡು ಹೋದೆ. ಮೊಣಕಾಲಿನ ಕಷ್ಟ ಅರ್ಥ ಮಾಡಿಕೊಂಡು ಕಟ್ಟಿದ ಬಸ್ಸು ಅದು. ಕಾರು ಕೊಂಡವರೆಲ್ಲ ಅದನ್ನು ದಿನಾ ಓಡಿಸಲೇಬೇಕು ಎಂದೇನಿಲ್ಲ. ಬಸ್ಸು ಹೋಗದ ಹೊಲದ ಬದುವಿಗೆ, ಘಟ್ಟಕ್ಕೆ ಅದು ಇರಲಿ. ಹೀಗೆ ನಮ್ಮ ಕಾರು ವಾರವಿಡೀ ಮನೆಯ ಮುಂದೆ ನಿಂತು, ರಜೆಯಲ್ಲಿ ಓಡುವ ಗಾಡಿಯಾಯಿತು.

2020ರ ಏಪ್ರಿಲ್ 1ರಿಂದ ಬಿಎಸ್-6 ಹೊಗೆ ನಿಯಮ ಬಂತು. ಅಂದಿನಿಂದ ಡೀಸೆಲ್ ಕಾರು ಮಾಡುವುದಿಲ್ಲವೆಂದು ಮಾರುತಿಯವರು ಒಂದು ವರ್ಷ ಮೊದಲೇ ಹೇಳಿದ್ದರು. ಹೊಸ ಬ್ರೆಜಾ ಪೆಟ್ರೋಲ್ ಇಂಜಿನ್ನಿನೊಂದಿಗೆ ಬಂತು, ನಮ್ಮ ಇಂಜಿನ್ ನಿಂತುಹೋಯಿತು. ಸುದ್ದಿ ಕೇಳಿ ನಮ್ಮ ಮನೆಯವರು ಬೇಸರ ಮಾಡಿಕೊಂಡರು. ನನಗೆ ಅಷ್ಟು ಬೇಸರವಾಗಲಿಲ್ಲ. ಉಣಕಲ್‌ನ ಸಿಗ್ನಲ್ಲಿನಲ್ಲಿ ಮುಂದಿನ ಗಾಡಿಯ ಕರಿ ಹೊಗೆ ನುಂಗಿದ ಯಾರಿಗೂ ಡೀಸೆಲ್ಲಿನ ಮೇಲೆ ಕುರುಡು ಪ್ರೀತಿ ಇರಲು ಸಾಧ್ಯವಿಲ್ಲ. ದಿಲ್ಲಿಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳು ಓಡಬಾರದೆಂದು ಹಸಿರು ನ್ಯಾಯಮಂಡಳಿ 2015ರಲ್ಲಿ ಆದೇಶ ಮಾಡಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆ ಗಾಳಿಯಲ್ಲಿ ಉಸಿರಾಡುವ ಮಕ್ಕಳನ್ನು ನೆನೆದರೆ ಅದು ಹೆಚ್ಚೆನಿಸುವುದಿಲ್ಲ. ನಮ್ಮಲ್ಲಿ ಅಂಥ ತಡೆಯಿಲ್ಲ. ಆರು ತಿಂಗಳಿಗೊಮ್ಮೆ ಹೊಗೆ ತಪಾಸಣೆ ತಪ್ಪಿಸದೆ ಮಾಡಿಸುತ್ತೇವೆ.

ಈಗ ಕಾರು ನನ್ನ ಕೈಯಿಂದ ಮಗಳ ಕೈಗೆ ಹೋಗುತ್ತಿದೆ. ಅದರ ಕ್ಲಚ್ ಗಟ್ಟಿಯಾಗಿದೆ, ಏರಿನಲ್ಲಿ ಜಾರುತ್ತಿದೆ. ಹತ್ತನೇ ವರ್ಷದ ಗಾಡಿಗೆ ದುಡ್ಡು ಸುರಿಯುವ ಬದಲು ಹೊಸ ಎಲೆಕ್ಟ್ರಿಕ್ ಕಾಂಪ್ಯಾಕ್ಟ್ ಎಸ್‌ಯುವಿ ತಗೊಳ್ಳೋಣ ಎಂಬುದು ಅವಳ ಮಾತು. ಹೊಗೆಯಿಲ್ಲ, ಸದ್ದಿಲ್ಲ, ಮನೆಯಲ್ಲೇ ಚಾರ್ಜು. ಅವಳು ಹೇಳುವುದೆಲ್ಲ ಖರೆ. ಹೋದ ತಿಂಗಳು ಮೂರೂ ತಲೆಮಾರು ಕೂಡಿ ಒಂದು ಶೋರೂಮಿಗೆ ಹೋದೆವು. ಸನ್‌ರೂಫ್ ತೆಗೆದು ತೋರಿಸಿದರು. ಅವ್ವ ಎಂದಿನಂತೆ ಹಿಂದಿನ ಬಾಗಿಲಿಗೆ ಬೆನ್ನು ಮಾಡಿ ಕೂತಳು. ಕೂರುವುದು ಸಲೀಸಾಯಿತು. ಕಾಲು ಒಳಗೆ ತಗೊಂಡ ಮೇಲೆ ಅವಳ ಮುಖ ಬದಲಾಯಿತು. ಬ್ಯಾಟರಿ ಇರುವುದು ಕಾರಿನ ನೆಲದಡಿಯಲ್ಲಿ. ಹಾಗಾಗಿ ಕಾಲಿಡುವ ನೆಲ ಮೇಲೆ ಬಂದಿರುತ್ತದೆ, ಸೀಟಿಗೂ ನೆಲಕ್ಕೂ ಅಂತರ ಕಡಿಮೆ, ಮೊಣಕಾಲು ಮಡಚಿ ಮೇಲೆ ನಿಲ್ಲುತ್ತದೆ. ತೊಡೆಗೆ ಆಸರೆ ಸಿಗುವುದಿಲ್ಲ. "ಹತ್ತಾಕ ಚೊಲೋ ಐತಿ, ಕುಂದರಾಕ ಆಗೂದಿಲ್ಲ. ಮಣಕಾಲು ಮ್ಯಾಲ ಬರ್ತಾವ" ಎಂದಳು ಅವ್ವ.

ಮಗಳು ನನ್ನ ಕೈಯಿಂದ ಟೇಪು ಇಸಿದುಕೊಂಡು ಈ ಸಲ ಒಳಗಿನ ಅಳತೆ ತಗೊಂಡಳು, ಕಾಲಿಡುವ ನೆಲದಿಂದ ಸೀಟಿನ ಅಂಚಿನವರೆಗೆ. ಹೊರಗೆ ಬಂದು ನಮ್ಮ ಕಾರಿನದೂ ಅಳೆದಳು. ಎರಡನ್ನೂ ಫೋನಿನಲ್ಲಿ ಬರೆದಿಟ್ಟುಕೊಂಡು, ಬೇರೆ ಕಂಪನಿಯವೂ ಇವೆ, ಒಂದೊಂದಾಗಿ ನೋಡೋಣ ಎಂದಳು. ಅಲ್ಲಿಂದ ನೇರ ಹಳೇ ಹುಬ್ಬಳ್ಳಿಗೆ ಹೋಗಿ ಕ್ಲಚ್ ಪ್ಲೇಟ್ ಹಾಕಿಸಲು ಗಾಡಿ ಬಿಟ್ಟೆವು. ಎಳ್ಳ ಅಮವಾಸ್ಯೆಗೆ ಮೊದಲೇ ಬೇಕು ಎಂದು ಅವ್ವ ಮೇಸ್ತ್ರಿಗೆ ಎರಡು ಸಲ ಹೇಳಿದಳು.